ನೆತ್ತಿ ಬರಿದಾದ ಹಾಳೆ

ಮ್ಯಾಟ್ರಿಕ್ ಎಂಬ ಮಾತು ನೀಲಗಂಗವ್ವನ ಕಿವಿಗೆ ಮೊದಲು ಬಿದ್ದದ್ದು ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಅವಳೂರು ಶಿರಹಟ್ಟಿ ಸಂಸ್ಥಾನಿಕರ ಆಳ್ವಿಕೆಯ ಕೈಬಿಟ್ಟು ಒಂದು ವರ್ಷವಾಗಿತ್ತು. ಪಡಸಾಲೆಯ ಕಂಬಳಿಯ ಮೇಲೆ ಕೂತಿದ್ದ ಮಲ್ಲಸಮುದ್ರದ ದ್ಯಾಮಪ್ಪ, ಮುಂದಿಟ್ಟ ಅವಲಕ್ಕಿಯನ್ನು ಮುಟ್ಟದೆ ಮಗನ ಸುದ್ದಿಯನ್ನೇ ಹೇಳುತ್ತಿದ್ದ.

"ನಮ್ಮ ಹುಚ್ಚೀರಪ್ಪ ಬರೋ ವರ್ಷ ಮ್ಯಾಟ್ರಿಕ್ ಕುಂಡ್ರಾಂವ ಅದಾನ್ರಿ."

ನೀಲಗಂಗವ್ವನ ಸೋದರತ್ತೆ ಬಾಗಿಲ ಮರೆಯಿಂದಲೇ ಕೇಳಿದಳು: "ಕುಂಡ್ರತಾನ, ಖರೆ. ಏಳೂದು ಯಾವಾಗ್ರಿ ಬೀಗರ?"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ದ್ಯಾಮಪ್ಪನೂ ನಕ್ಕ. "ಎದ್ದ ಅಂದ್ರ ಸಾಹೇಬ ಆಗೇ ಏಳತಾನ್ರೀ ಯವ್ವಾ," ಎಂದು ಆಮೇಲೆ ಅವಲಕ್ಕಿಗೆ ಕೈಹಾಕಿದ.

ನೀಲಗಂಗವ್ವನಿಗೆ ಆಗ ಹದಿನೈದು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಂದ ಕಾಗದವನ್ನು ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಿದ್ದಳು, ಅಷ್ಟೇ. ಮ್ಯಾಟ್ರಿಕ್ ಎಂದರೆ ಮಠದಲ್ಲಿ ಅನುಷ್ಠಾನಕ್ಕೆ ಕೂತ ಹಾಗೆ ಏನೋ ಒಂದು ಕಠಿಣ ವ್ರತ ಇದ್ದೀತು ಎಂದುಕೊಂಡಳು. ಆಮೇಲೆ ಎಷ್ಟೋ ಸಲ ಅವಳಿಗೆ ಅನ್ನಿಸಿದ್ದುಂಟು, ಆ ದಿನ ತಾನು ತಿಳಿದದ್ದೇನೂ ಬಹಳ ತಪ್ಪಾಗಿರಲಿಲ್ಲ ಎಂದು.

ಅಕ್ಷರ ಕಡಿಮೆಯಾದರೂ ಕಾಗದದ ಬಗ್ಗೆ ಒಂದು ಸಂಗತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಪ್ಪ ಒಂದು ಪೋಸ್ಟ್ ಕಾರ್ಡ್ ಬರೆದರೂ ಮೊದಲು ನೆತ್ತಿಯ ಮೇಲೆ 'ಶಿರಹಟ್ಟಿ ಫಕೀರಸ್ವಾಮಿ ಪ್ರಸನ್ನ' ಎಂದು ಬರೆದು, ಅದಕ್ಕೆ ಕಣ್ಣೊತ್ತಿಕೊಂಡು, ಆಮೇಲೆ ಕ್ಷೇಮ ಸಮಾಚಾರಕ್ಕೆ ಇಳಿಯುತ್ತಿದ್ದ. ಆ ಸೀಮೆಯಲ್ಲಿ ಎಲ್ಲರೂ ಹಾಗೆಯೇ. ಅವರವರ ದೇವರು, ಅವರವರ ಊರು. ದೇವರ ಹೆಸರಿಲ್ಲದೆ ಬರುವ ಕಾಗದ ಒಂದೇ ಒಂದು, ಸಾವಿನದು. ನೀಲಗಂಗವ್ವ ಎಂಟು ವರ್ಷದವಳಿದ್ದಾಗ ಮುಂಡರಗಿಯಿಂದ ಒಂದು ಕಾರ್ಡು ಬಂತು. ಅಲ್ಲಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಬಸುರಿ. ಅಪ್ಪ ಕಾರ್ಡು ಕೈಗೆ ತಗೊಂಡವನು ಓದಲೇ ಇಲ್ಲ. ಬರೀ ನೆತ್ತಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಹಾಗೇ ಗೋಡೆಗೆ ಒರಗಿ ಕುಸಿದ. ಕಾರ್ಡನ್ನು ಅಂಗಳದಲ್ಲೇ ಹರಿದು ಹಾಕಿ ಎಲ್ಲರೂ ತಲೆಯ ಮೇಲೆ ನೀರು ಹಾಕಿಕೊಂಡರು. ಒಳಗೆ ಏನು ಬರೆದಿತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ಕೊನೆಗೂ ಗೊತ್ತಾಗಲಿಲ್ಲ.

ಮದುವೆಯಾಗಿ ಮಲ್ಲಸಮುದ್ರಕ್ಕೆ ಬಂದ ಮೇಲೆ ಅವಳು ಕಂಡದ್ದು ಇನ್ನೊಂದು ಬಗೆಯ ಮನೆ. ಅಲ್ಲಿ ಎತ್ತು, ಹೊಲ, ಹೈನು ಎಲ್ಲ ಇದ್ದವು, ಆದರೆ ಮನೆ ತಿರುಗುತ್ತಿದ್ದದ್ದು ಹುಚ್ಚೀರಪ್ಪನ ಪುಸ್ತಕದ ಸುತ್ತ. ಉದ್ದನೆಯ, ತೆಳ್ಳನೆಯ ಹುಡುಗ. ಹೆಬ್ಬೆರಳಿಗೆ ಯಾವಾಗಲೂ ಮಸಿ. ರೊಟ್ಟಿ ಕಟ್ಟಿಕೊಂಡು ದಿನಾ ಗದಗಿನ ಹೈಸ್ಕೂಲಿಗೆ ನಡೆದು ಹೋಗಿ ನಡೆದು ಬರುತ್ತಿದ್ದ. ವರ್ಷಾ ವರ್ಷಾ ಕ್ಲಾಸಿಗೆ ಅವನೇ ಮೊದಲು. ಮಾಸ್ತರರು ಕೊಟ್ಟ ಪ್ರಗತಿ ಪತ್ರಗಳನ್ನು ದ್ಯಾಮಪ್ಪ ಹಳದಿ ಅರಿವೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದ. ಓದು ಬಂದವರು ಯಾರು ಓಣಿಯಲ್ಲಿ ಹಾದು ಹೋದರೂ ಒಳಗೆ ಕರೆಯುವುದು, ಚಹಾ ಕೊಡುವುದು, ಗಂಟು ಬಿಚ್ಚುವುದು.

"ಓದ್ರಿ. ಗಣಿತಕ್ಕ ಎಷ್ಟು ಅದಾವ ನೋಡ್ರಿ."

"ನೂರಕ್ಕ ತೊಂಬತ್ತಾರು."

"ಇನ್ನಾ ನಾಕು ಎಲ್ಲಿ ಹೋದೂವಂತ?"

"ಮಾಸ್ತರಗ ಒಂದೀಟು ಇರಲಿ ಬಿಡ್ರಿ ಗೌಡ್ರ!"

ಅದೇ ಊರಿನ ಅಲ್ಲಾಉದ್ದೀನ ಹುಚ್ಚೀರಪ್ಪನ ಜೊತೆಗೇ ಓದುತ್ತಿದ್ದ. ಲೆಕ್ಕ ತಲೆಗೆ ಹತ್ತದ ಹುಡುಗ, ಮಾತು ಮಾತ್ರ ಬೇಕಾದಷ್ಟು. ಸಂಜೆ ಕಟ್ಟೆಗೆ ಬಂದು ಕೂತು, "ಯವ್ವಾ, ನಿಮ್ಮ ಮಗನ ತಲಿ ಅರ್ಧಾ ಕಡಾ ಕೊಡ್ರಿ, ಪರೀಕ್ಷಾ ಮುಗದ ಮ್ಯಾಲೆ ತಂದ ಕೊಡತೇನಿ," ಎಂದು ಅತ್ತೆ ಶೇಖವ್ವನನ್ನು ನಗಿಸುತ್ತಿದ್ದ.

ಪರೀಕ್ಷೆ ಹತ್ತಿರ ಬಂತು. ಆ ಸೀಮೆ ಆಗ ಮುಂಬಯಿಗೆ ಸೇರಿತ್ತು; ಪುಣೆಯ ಬೋರ್ಡು ಪರೀಕ್ಷೆಗೆ ಬೇರೆ ಹೆಸರಿಟ್ಟಿತ್ತು, ಆದರೂ ಊರ ಬಾಯಲ್ಲಿ ಅದು ಮ್ಯಾಟ್ರಿಕ್ಕೇ. ಒಂದು ಮಧ್ಯಾಹ್ನ ನೀಲಗಂಗವ್ವ ದನದ ಮನೆಯಲ್ಲಿ ಸೆಗಣಿ ಬಳಿಯುತ್ತಿದ್ದಳು. ಹುಚ್ಚೀರಪ್ಪ ಅಲ್ಲೇ ಗೋದಲಿಯ ಮೇಲೆ ಕೂತು ಓದುತ್ತಿದ್ದ. ಗಂಡ ಹೆಂಡತಿ ನಾಲ್ಕು ಮಾತಾಡಲು ಆ ಮನೆಯಲ್ಲಿ ಇದ್ದ ಜಾಗವೂ ಅದೊಂದೇ.

"ಇಷ್ಟ ವರ್ಷ ಮೊದಲ ನಂಬರ್ ಬಂದೀರಿ. ಮತ್ತ್ಯಾಕ ಇಷ್ಟ ಅಂಜತೀರಿ?" ಎಂದು ಕೇಳಿದಳು.

"ಆ ಮಾರ್ಕು ಲೆಕ್ಕಕ್ಕಿಲ್ಲ. ಪರೀಕ್ಷಾದಾಗ ಏನ ಬರೀತೇವಿ, ಅದಷ್ಟ."

"ಜ್ವರಾ ಬಂದ್ರ?"

"ಬರಬಾರದು."

"ನೀವು ಶ್ಯಾಣ್ಯಾರು ಅಂತ ಪುಣೆದವರಿಗೆ ಮಾಸ್ತರು ಹೇಳಿ ಕಳಸಂಗಿಲ್ಲೇನ್ರಿ?"

ಹುಚ್ಚೀರಪ್ಪ ಪುಸ್ತಕ ಮುಚ್ಚಿ ನಕ್ಕ. "ನಾ ಯಾರು ಅಂತನ ಅವರಿಗೆ ಗೊತ್ತಿರಂಗಿಲ್ಲ. ಹೆಸರು ಬರಿಯಂಗಿಲ್ಲ, ಬರೇ ನಂಬರ್."

"ಮ್ಯಾಲೆ ದೇವರ ಹೆಸರು?"

"ಏನೂ ಇಲ್ಲ. ಖಾಲಿ."

ನೀಲಗಂಗವ್ವನ ಕೈ ಸೆಗಣಿಯಲ್ಲೇ ನಿಂತುಬಿಟ್ಟಿತು. ಮುಂಡರಗಿಯ ಕಾರ್ಡು ಕಣ್ಣ ಮುಂದೆ ಬಂತು. ಅಪ್ಪ ಗೋಡೆಗೆ ಒರಗಿದ್ದು ಬಂತು. ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ, ಗಂಡ ತೊಳೆದ ಅಂಗಿ ತೊಟ್ಟು ಹೊರಟಾಗ, ಹಿತ್ತಲ ಬಾಗಿಲಲ್ಲಿ ಅಡ್ಡ ನಿಂತಳು. ಮದುವೆಯಾದ ಮೇಲೆ ಅವಳು ಅವನಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು.

"ಒಂದು ಮಾತು ನಡಸ್ಕೊಡ್ರಿ. ಹಾಳಿ ಮ್ಯಾಲೆ ಫಕೀರಸ್ವಾಮಿ ಹೆಸರು ಬರೀರಿ."

"ಹುಚ್ಚೀ, ಪುಣೆದವರಿಗೆ ಫಕೀರಸ್ವಾಮಿ ಎಲ್ಲಿ ಗೊತ್ತು?"

"ಅವರಿಗೆ ಗೊತ್ತಿಲ್ಲದಿದ್ರ ಬಿಡವಲ್ಲದು. ಸ್ವಾಮಿಗೆ ಪುಣೆ ಗೊತ್ತೈತಿ."

"ಹಾಂಗೆಲ್ಲಾ ಬರಿಯಂಗಿಲ್ಲ ಅಂತ ಮಾಸ್ತರು ಹೇಳ್ಯಾರ."

"ಸಣ್ಣಂಗ ಬರೀರಿ, ಮೂಲ್ಯಾಗ. ಖಾಲಿ ಕಾಗದಾ ಸತ್ತವರ ಕಾಗದಾ ರೀ. ನಿಮ್ಮ ಕೈಲೇ ಅಂಥಾದ್ದು ಹೊಂಟರ ನಾ ಈ ಮನ್ಯಾಗ ಹೆಂಗ ಇರಲಿ?" ಕೊರಳ ತಾಳಿಯನ್ನು ಹಿಡಿದುಕೊಂಡೇ ಆಡಿದ ಮಾತು ಅದು. ಕಣ್ಣಲ್ಲಿ ನೀರು ಬಂದಿತ್ತು.

ಹುಚ್ಚೀರಪ್ಪ ಹಿತ್ತಲ ಬೇವಿನ ಗಿಡದ ಕಡೆ ಒಂದು ಗಳಿಗೆ ನೋಡಿದ. ಆ ಕಡೆಯಿಂದ ಅಲ್ಲಾಉದ್ದೀನ, "ಬಾರೋ ಸಾಹೇಬ, ಬೆಲ್ ಹೊಡೀತಾರ!" ಎಂದು ಕೂಗುತ್ತಿದ್ದ. "ಆತು, ಆತು, ಅಳಬ್ಯಾಡ," ಎಂದು ಹುಚ್ಚೀರಪ್ಪ ಹೊರಟುಬಿಟ್ಟ.

ಸಂಜೆ ಕಾಲು ತೊಳೆಯಲು ನೀರು ಕೊಡುವಾಗ ಮೆಲ್ಲಗೆ ಕೇಳಿದಳು. "ಬರದ್ರಿ?"

"ಬರದೆ."

"ಪೂರಾ?"

"ಪೂರಾ. ಊರ ಸಹಿತ."

ಕೊನೆಯ ದಿನದವರೆಗೂ ದಿನಾ ಸಂಜೆ ಇದೇ ಮಾತು ನಡೆಯಿತು. ಆ ವಾರ ಅವಳು ತಿಂದಷ್ಟು ನೆಮ್ಮದಿಯ ಅನ್ನ ಮುಂದೆ ಎಂದೂ ತಿನ್ನಲಿಲ್ಲ.

ಜೂನಿನಲ್ಲಿ ಫಲಿತಾಂಶದ ಪತ್ರಿಕೆ ಗದಗಿಗೆ ಬಂತು. ಅಲ್ಲಾಉದ್ದೀನ ಅದನ್ನು ಮಡಚಿ ಹಿಡಿದು ಓಡುತ್ತಾ ಬಂದವನು ಕಟ್ಟೆಯ ಹತ್ತಿರ ಬಂದದ್ದೇ ನಡಿಗೆ ಸಾವಕಾಶ ಮಾಡಿದ. ಅವನ ನಂಬರು ಇತ್ತು, ಮೂರನೇ ದರ್ಜೆಯಲ್ಲಿ. ಹುಚ್ಚೀರಪ್ಪನದು ಇರಲಿಲ್ಲ. ಹುಚ್ಚೀರಪ್ಪ ಪತ್ರಿಕೆಯನ್ನು ನೆಲಕ್ಕೆ ಹಾಸಿ ಮೊದಲನೇ ದರ್ಜೆ ನೋಡಿದ, ಎರಡನೆಯದು ನೋಡಿದ. ಮೂರನೆಯದನ್ನು ಎರಡು ಸಲ ನೋಡಿದ.

"ಛಾಪಿಸೋರು ಬಿಟ್ಟಾರೋ, ನಿಂದ ಹೆಂಗ ಹೋಗತೈತಿ?" ಎಂದ ಅಲ್ಲಾಉದ್ದೀನ. ಪಾಸಾದವನು ಅವನೇ, ಅಳುತ್ತಿದ್ದವನೂ ಅವನೇ.

ದ್ಯಾಮಪ್ಪ ಜಗಲಿಯ ಮೇಲಿನ ಹಳದಿ ಗಂಟನ್ನು ಬಗಲಲ್ಲಿ ಇಟ್ಟುಕೊಂಡ, ಮಗನ ರಟ್ಟೆ ಹಿಡಿದ, ನೆಟ್ಟಗೆ ಗದಗಿಗೆ ನಡೆದ. ಅಲ್ಲಿ ಆದದ್ದನ್ನು ಸಂಜೆ ಮನೆಗೆ ಬಂದು ತಾನೇ ಹೆಡ್‌ಮಾಸ್ತರನಾಗಿ ತಾನೇ ದ್ಯಾಮಪ್ಪನಾಗಿ ಹೇಳಿ ತೋರಿಸಿದ.

"ಗಂಟು ಬಿಚ್ಚಿ ಮೇಜಿನ ಮ್ಯಾಲೆ ಇಟ್ಟೆ. ಇವು ನೀವ ಹಾಕಿದ ಮಾರ್ಕು, ನಿಮ್ಮ ಸಹಿ. ಇವಕ್ಕೇನೂ ಕಿಮ್ಮತ್ತ ಇಲ್ಲೇನ್ರಿ ಸಾಹೇಬ್ರ? ಅಂದೆ. ಇಲ್ಲಪ್ಪಾ ದ್ಯಾಮಪ್ಪ, ಅಂದ್ರು. ಪುಣೆದವರಿಗೆ ನನ್ನ ಸಹೀನೂ ಗೊತ್ತಿಲ್ಲ, ನಿನ್ನ ಮಗನ ಮಾರೀನೂ ಗೊತ್ತಿಲ್ಲ. ಎಲ್ಲಾರಿಗೂ ಒಂದ ಪೇಪರ್, ಒಂದ ತಕ್ಕಡಿ. ನಾಕು ವರ್ಷ ಇಂವ ಏನ ಓದ್ಯಾನ ಅದಕ್ಕ ನಾ ಸಾಕ್ಷಿ, ಆದ್ರ ನನ್ನ ಸಾಕ್ಷಿ ಕೇಳೋರ ಯಾರೂ ಇಲ್ಲ, ಅಂದ್ರು. ಮತ್ತ ಯಾದ್ರಾಗ ಹೋತು? ಅಂತ ಕೇಳಿದೆ. ಅವರು ಇವನ ಮಾರಿ ನೋಡಿದ್ರು. ಇಂವ ನೆಲಾ ನೋಡಿದ. ಇಂಗ್ಲೀಷಿನ್ಯಾಗ, ಅಂದ್ರು."

ಹುಚ್ಚೀರಪ್ಪ ಕಂಬಕ್ಕೆ ಒರಗಿ ಕೂತಿದ್ದ. ಎಲ್ಲ ಕೇಳಿಸಿಕೊಂಡು ಹೆಬ್ಬೆರಳ ಮಸಿಯನ್ನು ತಿಕ್ಕಿಕೊಳ್ಳುತ್ತಿದ್ದ.

"ಇಂಗ್ಲೀಷರು ಹೋದರೂ ಅವರ ಮಾತು ನನ್ನ ಮಗನ್ನ ಹಿಡಕೊಂಡ ಕುಂತೈತಲ್ಲ!" ಎಂದು ಶೇಖವ್ವ ಬಾಯಿ ಬಾಯಿ ಬಡಿದುಕೊಂಡಳು. ಆಮೇಲೆ, ಮಗ ಎದ್ದು ಹೋದ ಮೇಲೆ, ಇನ್ನೊಂದು ಮಾತು ಅಂದಳು. "ಶ್ಯಾಣ್ಯಾತನ ಬಂದು ದೇವರನ್ನ ಮರತ. ಪರೀಕ್ಷಾ ದಿನಾ ಜಗಲಿಗೆ ಕೈ ಮುಗೀದ ಹಿತ್ತಲ ಬಾಗಲಾ ಹಿಡದ ಹೋದ. ನಾ ನೋಡೀನಿ."

ಹಿತ್ತಲ ಬಾಗಿಲಲ್ಲಿ ಅವನನ್ನು ತಡೆದು ನಿಲ್ಲಿಸಿದವಳು ತಾನು, ದೇವರ ಹೆಸರು ಏಳು ಪತ್ರಿಕೆಯ ಮೇಲೂ ಹೋಗಿದೆ ಎಂದು ನೀಲಗಂಗವ್ವನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ದೇವರ ಹೆಸರು ಬರೆದರೂ ಹೀಗಾಯಿತಲ್ಲ ಎಂಬ ಸಿಟ್ಟು ಅವಳಿಗೆ ದೇವರ ಮೇಲೆಯೇ ಇತ್ತು. ಒಂದು ಸೋಮವಾರ ಅವಳು ದೀಪಕ್ಕೆ ಎಣ್ಣೆ ಹಾಕಲಿಲ್ಲ.

ಮತ್ತೊಮ್ಮೆ ಪರೀಕ್ಷೆಗೆ ಕೂರು ಎಂದರು ಎಲ್ಲರೂ. "ಎರಡು ವರ್ಷ ಬಿಡಬೇಕು," ಎಂದ ಹುಚ್ಚೀರಪ್ಪ. ಯಾಕೆ ಎಂದರೆ ಎದ್ದು ದನದ ಮನೆಗೆ ಹೋಗುತ್ತಿದ್ದ. ಓಣಿಯವರು ಸೊಕ್ಕು ಎಂದರು. ಆ ನಡುವೆ ಶಾಲಾ ಮಾಸ್ತರಿಕೆಗೆ ಅರ್ಜಿ ಹಾಕಲು ಅಲ್ಲಾಉದ್ದೀನನ ಜೊತೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಅಲ್ಲಾಉದ್ದೀನ ಬಂದು ಕಟ್ಟೆಯ ಮೇಲೆ ಹೇಳಿದ.

"ಕಾರಕೂನ ಕೇಳಿದ, ಪಾಸೋ ಫೇಲೋ? ಇಂವ ಅಂದ, ಎರಡೂ ಅಲ್ರಿ. ಕಾರಕೂನ ಅಂದ, ಎರಡೂ ಅಲ್ಲದ್ದಕ್ಕ ನಮ್ಮ ಫಾರ್ಮಿನ್ಯಾಗ ಖಾನೇನ ಇಲ್ಲ, ಹೊರಗ ನಡಿ."

ಅಲ್ಲಾಉದ್ದೀನನಿಗೆ ಲಕ್ಷ್ಮೇಶ್ವರದ ಶಾಲೆಯಲ್ಲಿ ಕೆಲಸವಾಯಿತು. ಹೋಗುವ ದಿನ ಗೆಳೆಯನ ಕೈ ಹಿಡಿದು, "ನೀ ಕಲಿಸಿದ ಲೆಕ್ಕಾನ ನಾ ಕಲಿಸಾಂವ," ಎಂದ. ಹುಚ್ಚೀರಪ್ಪ ಅವನ ಟ್ರಂಕನ್ನು ಹೊತ್ತು ಬಸ್ಸಿನ ತನಕ ಬಿಟ್ಟುಬಂದ.

ಎರಡು ವರ್ಷ ಮುಗಿಯುವ ಹೊತ್ತಿಗೆ ದ್ಯಾಮಪ್ಪನಿಗೆ ಲಕ್ವ ಹೊಡೆದು ಬಲಗೈ ಬಿತ್ತು. ಹೊಲವನ್ನು ಪಾಲಿಗೆ ಕೊಟ್ಟರು. ಹುಚ್ಚೀರಪ್ಪ ಬೆಟಗೇರಿ ಕಡೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಗೆ ಸೇರಿದ. ಸುಗ್ಗಿಯ ತಿಂಗಳುಗಳಲ್ಲಿ ಆ ಛಪ್ಪರದೊಳಗೆ ಎದುರು ನಿಂತವರ ಮುಖ ಕಾಣುತ್ತಿರಲಿಲ್ಲ, ಅಷ್ಟು ಅರಳೆಯ ಧೂಳು. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. "ಮುದುಕ ಬಂದ," ಎಂದು ತಂಗಿ ಮಂಜವ್ವ ನಗುತ್ತಿದ್ದಳು. ನೀಲಗಂಗವ್ವ ಹಸಿ ಅರಿವೆಯಿಂದ ಅವನ ಮುಖ ಒರೆಸುತ್ತಿದ್ದಳು. ಒರೆಸಲು ಆಗದ್ದು ಒಳಗೆ ಇಳಿಯುತ್ತಿತ್ತು. ಮೂರನೇ ವರ್ಷಕ್ಕೆ ಕೆಮ್ಮು ಶುರುವಾಯಿತು. ಎರಡು ಬಸಿರು ನಿಲ್ಲಲಿಲ್ಲ. ಆ ಮೇಲೆ ಡಾಕ್ಟರರು, ಕೆಮ್ಮು ಅಂಟೀತು, ಗಂಡ ಹೆಂಡತಿ ಬೇರೆ ಬೇರೆ ಮಲಗಿ ಎಂದರು.

ಅವನಿಗೆ ಉಳಿದ ಒಂದೇ ಉಮೇದು ಮಂಜವ್ವ. ಹೆಣ್ಣು ಹುಡುಗಿಗೆ ಹೈಸ್ಕೂಲು ಯಾಕೆ ಎಂದು ಶೇಖವ್ವ ಕೂಗಾಡಿದರೂ ಹಟ ಹಿಡಿದು ಸೇರಿಸಿದ. ಜಿನ್ನಿನಿಂದ ಬಂದು, ಕೆಮ್ಮುತ್ತಾ, ಅವಳಿಗೆ ಬೀಜಗಣಿತ ಹೇಳಿಕೊಡುತ್ತಿದ್ದ. ಮಂಜವ್ವ ಶ್ಯಾಣ್ಯಾಳಲ್ಲ, ಆದರೆ ಗಟ್ಟಿ. ಒಂದು ಲೆಕ್ಕ ಬರದಿದ್ದರೆ ಹತ್ತು ಸಲ ಮಾಡುವ ಹುಡುಗಿ. ನಾಡು ಒಂದಾದ ದಿನ ಗದಗಿನಲ್ಲಿ ಮೆರವಣಿಗೆ ನಡೆದಿತ್ತು. ಓಣಿಗೆ ಓಣಿಯೇ ನೋಡಲು ಹೋಗಿತ್ತು. ಹುಚ್ಚೀರಪ್ಪನಿಗೆ ಏಳಲು ಆಗಿರಲಿಲ್ಲ. ಹಾಸಿಗೆಯಲ್ಲೇ ಪಟಾಕಿಯ ಸದ್ದು ಕೇಳುತ್ತಾ ತಂಗಿಗೆ ಹೇಳಿದ: "ಇನ್ನ ಪೇಪರು ಪುಣೆದಿಂದ ಬರಂಗಿಲ್ಲಂತ, ಬೆಂಗಳೂರಿನಿಂದ ಬರತಾವಂತ. ಎಲ್ಲಿಂದರ ಬರಲಿ. ಕಾಯ್ದೆ ಎಲ್ಲಾ ಕಡೆ ಒಂದ ಐತಿ."

ಆ ಕಾಯ್ದೆ ಯಾವುದು ಎಂದು ನೀಲಗಂಗವ್ವನಿಗೆ ತಿಳಿದದ್ದು ಮುಂದಿನ ಮಾರ್ಚಿನಲ್ಲಿ. ಮಂಜವ್ವನ ಮ್ಯಾಟ್ರಿಕ್ ಪರೀಕ್ಷೆಗೆ ಮೂರು ದಿನ ಇತ್ತು. ಅವಳು ರೊಟ್ಟಿ ಬಡಿಯುತ್ತಿದ್ದಳು. ಮಂಜವ್ವ ಒಲೆಯ ಬದಿಗೆ ಕೂತು ಮಾಸ್ತರರು ಬರೆಸಿದ್ದನ್ನು ಬಾಯಿಪಾಠ ಮಾಡುತ್ತಿದ್ದಳು.

"ಉತ್ತರದ ಹಾಳೆಯ ಮೇಲೆ ನಂಬರ್ ಒಂದನ್ನು ಬಿಟ್ಟು ಹೆಸರು, ಊರು, ದೇವರ ಹೆಸರು, ಯಾವ ಗುರುತೂ ಬರೆಯಕೂಡದು."

"ಬರದ್ರ?" ರೊಟ್ಟಿಯ ಮೇಲೆ ನೀರು ಸವರುತ್ತಿದ್ದ ನೀಲಗಂಗವ್ವ ಸುಮ್ಮನೆ ಕೇಳಿದಳು.

"ಪೇಪರ್ ಹಿಡೀತಾರ ವೈನಿ. ತಿದ್ದಾಂವ ನಮ್ಮ ಕಡ್ಯಾಂವನ ಇದ್ದ ಅಂದ್ರ ಊರು ನೋಡಿ ಮಾರ್ಕು ಹಾಕ್ಯಾನು ಅಂತ. ಗುರುತು ಕಂಡ್ರ ಪೂರಾ ಪರೀಕ್ಷಾನ ರದ್ದು. ಫೇಲೂ ಅಲ್ಲ, ಪಾಸೂ ಅಲ್ಲ. ಎರಡು ವರ್ಷ ಕುಂಡ್ರಂಗಿಲ್ಲ. ಹಿಂದ ನಮ್ಮ ಸಾಲ್ಯಾಗ ಒಬ್ಬ ಭಾಳ ಶ್ಯಾಣ್ಯಾ ಹುಡುಗ ಹಂಗ ಮಾಡಿ ಕೆಟ್ಟನಂತ. ಹೆಸರು ಮಾಸ್ತರು ಹೇಳಲಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದಿತು.

"ವೈನೀ, ರೊಟ್ಟಿ!"

ನೀಲಗಂಗವ್ವ ಬರಿಗೈಯಿಂದಲೇ ಅದನ್ನು ಕಿತ್ತು ಒಗೆದಳು. ಬೆರಳು ಸುಟ್ಟದ್ದು ಗೊತ್ತಾಗಲಿಲ್ಲ. ಎರಡೂ ಅಲ್ಲ. ಎರಡು ವರ್ಷ. ಹೆಡ್‌ಮಾಸ್ತರರು ಅವನ ಮುಖ ನೋಡಿದ್ದು, ಅವನು ನೆಲ ನೋಡಿದ್ದು. ಏಳು ವರ್ಷ ಒಂದೊಂದಾಗಿ ಕೇಳಿದ್ದ ಮಾತುಗಳೆಲ್ಲ ಈಗ ಒಂದು ಕಡೆ ಬಂದು ಕೂತವು. ಪಡಸಾಲೆಯಿಂದ ಗಂಡನ ಕೆಮ್ಮು ಕೇಳಿಸಿತು. ಆ ಕೆಮ್ಮಿನ ಬುಡ ಜಿನ್ನಿನಲ್ಲಿ ಇರಲಿಲ್ಲ, ಹಿತ್ತಲ ಬಾಗಿಲಲ್ಲಿ ಇತ್ತು. ಅವಳು ಆ ದಿನವೂ ಮರುದಿನವೂ ಅವನ ಮುಖವನ್ನು ನೆಟ್ಟಗೆ ನೋಡದೆ ಗಂಜಿ ಕುಡಿಸಿದಳು.

ಪರೀಕ್ಷೆಯ ಹಿಂದಿನ ದಿನ ದೀಪ ಹಚ್ಚುವ ಹೊತ್ತು. ಶೇಖವ್ವ ಮಗಳನ್ನು ಜಗಲಿಯ ಮುಂದೆ ಕೂರಿಸಿಕೊಂಡಿದ್ದಳು.

"ನಿಮ್ಮಣ್ಣ ದೇವರನ್ನ ಮರತ, ಅದಕ್ಕ ಹಿಂಗಾತು. ನೀ ಹಂಗ ಮಾಡಬ್ಯಾಡ. ಹಾಳಿ ಮ್ಯಾಲೆ ಮನಿದೇವರ ಹೆಸರು ಬರಿ."

"ಬರಿಬಾರದು ಅಂತ ಮಾಸ್ತರು ಹೇಳ್ಯಾರ ಯವ್ವಾ."

"ಮಾಸ್ತರ ಹಡದಾನೇನ ನಿನ್ನ? ಸಣ್ಣಂಗ ಬರಿ, ಮೂಲ್ಯಾಗ. ಯಾರ ನೋಡತಾರ? ಅಲ್ಲಿ ನೋಡು, ಅಣ್ಣ ಹೆಂಗ ಬಿದ್ದಾನ. ನಿನಗೂ ಹಂಗ ಆಗಬೇಕೇನು? ಆಣಿ ಮಾಡು."

ಮಂಜವ್ವ ಅಣ್ಣನ ಹಾಸಿಗೆಯ ಕಡೆ ನೋಡಿದಳು. ಅಂಜಿಕೆ ಬಂದಿರಬೇಕು. ತಾಯಿಯ ಅಂಗೈಯ ಮೇಲೆ ಕೈಯಿಟ್ಟು, "ಆತು," ಎಂದಳು.

ಬಿಸಿನೀರು ತಂದ ನೀಲಗಂಗವ್ವನ ಮುಂಗೈಯನ್ನು ಹುಚ್ಚೀರಪ್ಪ ಹಿಡಿದುಕೊಂಡ. ನೀರು ಕುಡಿಯಲಿಲ್ಲ. ಅವನ ಕೈಗೆ ತೂಕವೇ ಇರಲಿಲ್ಲ.

"ಕೇಳಿದ್ಯಾ?"

"ಕೇಳಿದೆ."

"ನಿನಗ ಗೊತ್ತಾಗೇತಿ. ಮೊನ್ನೆ ರೊಟ್ಟಿ ಹೊತ್ತಿದಾಗ ನನಗ ಗೊತ್ತಾತು."

ನೀಲಗಂಗವ್ವ ನೀರಿನ ತಂಬಿಗೆಯನ್ನು ಕೆಳಗಿಟ್ಟಳು. "ಇಷ್ಟ ವರ್ಷ ಒಂದ ಸಲಾನೂ ಯಾಕ ಬಯ್ಯಲಿಲ್ಲರಿ?" ಎಂದಳು.

"ಬರದ ಕೈ ನಂದು."

ಮತ್ತೆ ಕೆಮ್ಮು ಬಂತು. ಅರಿವೆಯನ್ನು ಬಾಯಿಗೆ ಒತ್ತಿಕೊಂಡು, ಅದು ನಿಲ್ಲುವ ತನಕ ಅವಳ ಕೈ ಬಿಡದೆ ಕಾದ. ಒಳಗೆ ಶೇಖವ್ವ ಮಗಳ ಹಣೆಗೆ ವಿಭೂತಿ ಹಚ್ಚುತ್ತಾ ನಾಳೆ ಯಾವ ಸೀರೆ ಉಡಬೇಕೆಂದು ಹೇಳುತ್ತಿದ್ದಳು.

"ಶಿರಹಟ್ಟಿಗೆ ನನ್ನ ಕಾರ್ಡು ಖಾಲೀನ ಹೋಗತೈತಿ, ಇವತ್ತಲ್ಲ ನಾಳಿಗೆ. ಅದಕ್ಕ ಅಂಜಬ್ಯಾಡ," ಎಂದ. "ಈಗ ಒಳಗ ನಡಿ. ನಾ ಹೇಳಿದ್ರ ಬ್ಯಾನಿ ನೆತ್ತಿಗೇರೇತಿ ಅಂತಾಳ ಅವ್ವ. ನೀನ ಹೇಳಬೇಕು. ನನ್ನ ಪರೀಕ್ಷಾ ಯಾಕ ಹೋತು ಅಂತ ಮಂಜಿಗೆ ಹೇಳು. ಯಾರು ಬರಸಿದ್ರು ಅಂತಾನೂ ಹೇಳು, ಅವ್ವನ ಮುಂದ. ಅವರು ಏನ ಅಂದರೂ ಅನಸ್ಕೋ. ಹಾಳಿ ಖಾಲಿ ಬಿಡು ಅಂತ ಅಕಿಗೆ ನಿನ್ನ ಬಾಯಿಲೇ ಹೇಳು."